ಯಾವ ನೋಟದಲ್ಲೂ ಇಲ್ಲದ ಖೋಲಿ

"ಇಲ್ಲೂ ಇಲ್ಲ ನೋಡ್ರಿ ಮೇಡಂ," ಎಂದಳು ನಕ್ಷೆ ಕಚೇರಿಯ ಜಬೀನಾ.

ಕಂಪ್ಯೂಟರಿನ ಪರದೆಯ ಮೇಲೆ ಚಿತ್ತಾಪುರದ ಹಳೆಯ ಹವೇಲಿ ಇನ್ನೊಂದು ಮಗ್ಗುಲಿಗೆ ಹೊರಳಿ ನಿಂತಿತು. ಕಮಾನಿನ ಬಾಗಿಲು ಇತ್ತು. ಪಡಸಾಲೆ ಇತ್ತು. ಮಾಳಿಗೆಗೆ ಹತ್ತುವ ಕಲ್ಲಿನ ಮೆಟ್ಟಿಲು ಇತ್ತು. ಹಿತ್ತಲ ಕಡೆ, ಮನೆಯ ಹಿರಿಯ ವಿಧವೆ ಖುರ್ಷಿದಬೇಗಂ ಇರುವ ಖೋಲಿಯ ಜಾಗದಲ್ಲಿ ಮಾತ್ರ ಬಟಾಬಯಲು.

ಸುಮಂಗಲಾ ಕುರ್ಚಿಯ ತುದಿಯಲ್ಲಿ ಕೂತು ಜಬೀನಾಳ ಬೆರಳುಗಳನ್ನೇ ನೋಡುತ್ತಿದ್ದಳು. ಸುಳ್ಳು ಹೇಳುವವರ ಮುಖಕ್ಕಿಂತ ಮೊದಲು ಬೆರಳುಗಳು ತಡವರಿಸುತ್ತವೆ ಎಂಬುದು ಅವಳ ಅನುಭವ. ಈ ಬೆರಳುಗಳು ತಡವರಿಸಲಿಲ್ಲ.

"ನಿನ್ನೆ ನಾ ಆ ಖೋಲ್ಯಾಗ ಕುಂತು ಚಹಾ ಕುಡದು ಬಂದೀನ್ರಿ," ಎಂದಳು ಮೆಲ್ಲಗೆ. "ಗ್ವಾಡಿಗೆ ಒರಗಿ ಕುಂತಿದ್ದೆ. ಬಯಲಿಗೆ ಒರಗಿದ್ದಿಲ್ಲ."

ಜಬೀನಾ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. "ನಾ ಆ ಮನಿಗಿ ಹೋಗೇ ಇಲ್ರಿ. ಅಳತಿ ತಂದು ಬರದಾಂವ ನಮ್ಮ ಆಫೀಸಿನ ಹುಡುಗ ಕಪಿಲ. ಹಿಂದ ಒಂದು ತಗಡಿನ ಶೆಡ್ ಅದ, ಬರಿಯೂದು ಬ್ಯಾಡಂತ ಅಂದಿದ್ದ. ನಾನೂ ಹೂಂ ಅಂದೆ. ಬರದೇ ಇಲ್ಲದ್ದು ಕಾಣೂದು ಹ್ಯಾಂಗ?"

ಬರೆದೇ ಇಲ್ಲ. ಆ ಮಾತು ಸುಮಂಗಲಾಳಿಗೆ ಸರಿಹೋಗಲಿಲ್ಲ. ಶಹಾಬಾದದಲ್ಲಿ ಫರ್ಶಿಯ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ, ಪಾಲಿಶ್ ಕಾರ್ಖಾನೆ ನಡೆಸುವ ಅಮೀರ್ ಅಲಿ ನಿನ್ನೆ ಹೇಳಿದ್ದು ಇನ್ನೂ ಕಿವಿಯಲ್ಲಿತ್ತು: "ನಿಮ್ಮ ನಕ್ಷಾದಾಗಿನ ಮನಿಗಿಂತ ನಮ್ಮ ಕಡಿ ಬಂದ ಫರ್ಶಿ ಲೆಕ್ಕ ಹೆಚ್ಚದ, ಬಾಯಿ."

ನಾಳೆ ಮುಂಜಾನೆ ಹವೇಲಿಯ ಮಾರಾಟದ ರಿಜಿಸ್ಟ್ರಿ. ಬೇಗಂ ಅವರ ಗಂಡ ತೀರಿಕೊಳ್ಳುವ ಮೊದಲು ಮನೆಯನ್ನು ತಮ್ಮ ಅಣ್ಣನ ಮಗ ಮತೀನನ ಹೆಸರಿಗೆ ಬರೆದು, ಒಂದೇ ಒಂದು ಕರಾರು ಹಾಕಿದ್ದರು. ಬೇಗಂ ಬದುಕಿರುವವರೆಗೆ ಅವರ ಖೋಲಿ ಅವರಿಗೇ. ಮನೆ ಯಾರ ಕೈಗೆ ಹೋದರೂ ಅವರನ್ನು ಎಬ್ಬಿಸುವಂತಿಲ್ಲ. ಮಾರಾಟದ ಪತ್ರಕ್ಕೆ ಲಗತ್ತಿಸುವ ನಕ್ಷೆ ತಯಾರಾಗಿದ್ದು ಸೇಡಂ ಬಸ್ ನಿಲ್ದಾಣದ ಎದುರಿನ ಈ ಮಹಡಿಯ ಕಚೇರಿಯಲ್ಲಿ. ನಕ್ಷೆಯಲ್ಲಿ ಖೋಲಿಯೇ ಇಲ್ಲವೆಂದರೆ ಕರಾರು ನಿಲ್ಲುವುದಾದರೂ ಯಾವ ನೆಲದ ಮೇಲೆ?

ಇದನ್ನು ಮೊದಲು ಗಮನಿಸಿದವರು ಬೇಗಂ ಗಂಡನ ಕಾಲದ ವಕೀಲ ಭಗವಂತರಾಯರು. ಅವರೇ ಸುಮಂಗಲಾಳನ್ನು ಕರೆಸಿದ್ದು. ಪಾಲಿಟೆಕ್ನಿಕ್ಕಿನಲ್ಲಿ ಡ್ರಾಯಿಂಗ್ ಕಲಿಸಿ, ಕೆಲಸ ಬಿಟ್ಟು, ಈಗ ಗಡಿ-ಗೋಡೆಗಳ ತಂಟೆಯಲ್ಲಿ ನಿಜ ಯಾವುದೆಂದು ಹುಡುಕಿ ಕೊಡುವುದು ಅವಳ ಕಸುಬಾಗಿತ್ತು. ಬೇಗಂ ಮಾತ್ರ ಯಾರ ಮೇಲೂ ದೂರು ಹೇಳಿರಲಿಲ್ಲ. "ಇರಲಿ ಬಿಡು ಬೇಟಿ. ಕಾಗದದಾಗ ಕಾಣಲಿಲ್ಲಂದ್ರ ನಾ ಇಲ್ಲಂತೇನು?" ಎಂದು ನಕ್ಕು, ಇನ್ನಷ್ಟು ಚಹಾ ಬಗ್ಗಿಸಿದ್ದರು.

"ಫೋಲ್ಡರ್ ಎಲ್ಲಾ ಮತ್ತೊಮ್ಮೆ ತೋರಸ್ರಿ," ಎಂದಳು ಸುಮಂಗಲಾ. "ಮ್ಯಾಲಿಂದ ಕೆಳಗ."

ಜಬೀನಾ ಎಡಗಡೆಯ ಪಟ್ಟಿಯನ್ನು ಮೇಲಕ್ಕೆ ಸರಿಸಿದಳು.

ಈ ಸಾಫ್ಟ್‌ವೇರಿನಲ್ಲಿ ಮನೆಯನ್ನು ಬರೆಯುವುದು ಒಂದೇ ಸಲ. ಗೋಡೆ, ಬಾಗಿಲು, ಛಾವಣಿ, ನೆಲ ಎಲ್ಲ ಕೂಡಿ ಇಡಿಯ ಮನೆ. ಆಮೇಲೆ ಅದನ್ನು ನೋಡುವುದಕ್ಕೆ ಬೇರೆ ಬೇರೆ ಕಿಟಕಿಗಳನ್ನು ಮಾಡಿಟ್ಟುಕೊಳ್ಳುತ್ತಾರೆ. ಅವೇ ವ್ಯೂಗಳು. ಒಂದರಲ್ಲಿ ಗೋಡೆಗಳು ಕಂಡರೆ ಸಾಕು, ಇನ್ನೊಂದರಲ್ಲಿ ನೀರಿನ ಪೈಪು, ಮತ್ತೊಂದರಲ್ಲಿ ವೈರಿಂಗು. ಒಂದೇ ಬಗೆಯ ವಸ್ತುಗಳ ಗುಂಪೇ ಲೇಯರ್; ಯಾವ ಲೇಯರನ್ನು ತೋರಿಸಬೇಕು, ಯಾವುದಕ್ಕೆ ಪರದೆ ಎಳೆಯಬೇಕು ಎಂಬುದು ಆಯಾ ವ್ಯೂದಲ್ಲೇ ಉಳಿದಿರುತ್ತದೆ. ವ್ಯೂಗಳು ರಾಶಿ ಬಿದ್ದಾಗ ಫೋಲ್ಡರುಗಳಲ್ಲಿ ಜೋಡಿಸುತ್ತಾರೆ: ರಿಜಿಸ್ಟ್ರಿಗೆ ಹೋಗುವವು ಒಂದರಲ್ಲಿ, ಗೋಡೆ ಕಟ್ಟುವ ಗೌಂಡಿಗಳಿಗೆ ಕೊಡುವವು ಒಂದರಲ್ಲಿ, ಮನೆ ಮಾಲೀಕರಿಗೆ ತೋರಿಸುವ ಬಣ್ಣಬಣ್ಣದವು ಒಂದರಲ್ಲಿ.

"ಭಾಳ ಅಚ್ಚುಕಟ್ಟ ಇಟ್ಟೀರಿ," ಎಂದಳು ಸುಮಂಗಲಾ.

"ನಮ್ಮ ಅಮ್ಮಿ ನನ್ನ ಅಲಮಾರಿ ನೋಡಿದ್ರ ಬಾಯಿಗಿ ಬಂದಂಗ ಬೈತಾಳ್ರಿ. ಇದನ್ನ ನೋಡಿದ್ರ ಯಾರದೋ ಮಗಳ ಆಫೀಸ್ ಅಂದ್ಕೊಂಡಾಳು."

ಸುಮಂಗಲಾ ನಕ್ಕಳು. ನಗುತ್ತಲೇ ಪಟ್ಟಿಯ ಕೊನೆಗೆ ಕಣ್ಣು ಹಾಯಿಸಿದಳು. ಎಲ್ಲಕ್ಕಿಂತ ಕೆಳಗೆ, ಬೇರೆ ಫೋಲ್ಡರುಗಳಿಂದ ಸ್ವಲ್ಪ ದೂರ, ಮುಚ್ಚಿದ ಒಂದು ಫೋಲ್ಡರ್ ಇತ್ತು. ಹೆಸರು ಫರ್ಶಿ.

"ಇದು?"

"ಅದು ಶಹಾಬಾದಿಗಿ ಕಳಸೂದು. ನಮ್ಮ ಕಡಿ ಯಾವ ಆಫೀಸಿಗಿ ಹೋಗ್ರಿ, ಹಿಂಗೊಂದು ಬ್ಯಾರೇ ಇರ್ತದ. ಕಲ್ಲು ಕೊಯ್ಯೋರಿಗಿ ಗ್ವಾಡಿ ಯಾಕ ಬೇಕು? ನೆಲ ಒಂದು ಕಂಡ್ರ ಸಾಕು. ಮತೀನಭಾಯ್ ಮೊದಲ ಮನಿ ರಿಪೇರಿ ಮಾಡಸ್ಬೇಕಂತ ಇದ್ರು. ಆವಾಗ ಎಷ್ಟ ಕಲ್ಲು ಬೀಳ್ತದಂತ ತಗದಿದ್ದು. ಆಮ್ಯಾಲ ಮಾರೂದಂತ ಆತು, ಅದು ಹಂಗೇ ಉಳೀತು."

"ತೆಗೀರಿ."

ಜಬೀನಾ ಒತ್ತಿದಳು.

ಗೋಡೆಗಳಿಲ್ಲದ ಮನೆ ಪರದೆಯ ಮೇಲೆ ಹರಡಿತು. ಬರೀ ಬೂದು ಕಲ್ಲಿನ ಚೌಕಗಳು. ಪಡಸಾಲೆಯದು ದೊಡ್ಡದು, ಅಡಿಗೆಮನೆಯದು ಸಣ್ಣದು. ಹಿತ್ತಲಲ್ಲಿ, ಬಯಲು ಇರಬೇಕಾದ ಕಡೆ, ಫರ್ಶಿ ಹಾಸಿದ ಒಂದು ಉದ್ದನೆಯ ನೆಲ ತಣ್ಣಗೆ ಮಲಗಿತ್ತು.

ಕೆಳಗೆ ಚಿಂಚೋಳಿ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ.

"ಶೆಡ್ಡಿಗಿ ಯಾರು ಪಾಲಿಶ್ ಫರ್ಶಿ ಹಾಕಸ್ತಾರ?" ಎಂದಳು ಜಬೀನಾ ಕೊನೆಗೆ.

"ನೆಲ ಅದ ಅಂದ್ಮ್ಯಾಲ ಗ್ವಾಡಿನೂ ಬರದಿರ್ಬೇಕು. ಮುಚ್ಚಿದ ಲೇಯರ್ ಎಲ್ಲಾ ಒಮ್ಮೆ ತೆರೀರಿ."

ಜಬೀನಾ ಒಂದೊಂದಾಗಿ ತೆರೆಯುತ್ತ ಹೋದಳು. ಪೈಪು ಬಂತು, ವೈರು ಬಂತು, ಮಂಚ-ಕುರ್ಚಿ-ಅಲಮಾರಿ ಬಂದವು. ಕೊನೆಯ ಲೇಯರಿನ ಹೆಸರು 'ಹಿತ್ತಲ ಗಿಡ'. ಅದನ್ನು ತೆರೆದದ್ದೇ ತಡ, ಬಯಲಿನಲ್ಲಿ ದಪ್ಪ ಕಲ್ಲಿನ ಗೋಡೆಗಳು ಎದ್ದು ನಿಂತವು. ಬಾಗಿಲು ಬಂತು. ಜಾಲಿ ಕಿಟಕಿ ಬಂತು. ಮೇಲೆ ಛಾವಣಿ ಕೂತಿತು.

"ಯಾ ಅಲ್ಲಾ," ಎಂದಳು ಜಬೀನಾ. "ಗ್ವಾಡಿ ಒಯ್ದು ಗಿಡದಾಗ ಇಟ್ಟಾರ!"

ನೆಲವೊಂದನ್ನು ಬಿಟ್ಟು ಇಡೀ ಖೋಲಿಯನ್ನು ಎತ್ತಿ ಬೇವಿನ ಮರ, ನಿಂಬೆ ಗಿಡಗಳ ಗುಂಪಿಗೆ ಸೇರಿಸಿ, ಪ್ರತಿಯೊಂದು ವ್ಯೂದಲ್ಲೂ ಆ ಗುಂಪಿನ ಮೇಲೂ ಆ ನೆಲದ ಮೇಲೂ ಪರದೆ ಎಳೆದಿದ್ದರು. ಫರ್ಶಿಯ ಫೋಲ್ಡರ್ ಮಾತ್ರ ಮರೆತುಹೋಗಿತ್ತು. ಶಹಾಬಾದಿಗೆ ಹೋಗಿ ಕೆಲಸ ಮುಗಿದದ್ದು, ಅದನ್ನಾರು ತೆರೆದು ನೋಡುತ್ತಾರೆ?

ಸುಮಂಗಲಾಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಳಿಸುವುದು ಬಲು ಸುಲಭ. ಒಂದು ಗುಂಡಿ ಒತ್ತಿದರೆ ಮುಗಿಯಿತು. ಬೇಗಂ ಅವರನ್ನು ಬೀದಿಗೆ ತರಬೇಕೆಂದವನು ಅಳಿಸಿಬಿಡುತ್ತಿದ್ದ. ಇದನ್ನು ಮಾಡಿದವರು ಖೋಲಿಯನ್ನು ಜೋಪಾನವಾಗಿ ಎತ್ತಿಟ್ಟಿದ್ದಾರೆ. ಮತ್ತೆ ಬೇಕಾಗುತ್ತದೆ ಎಂದು ಗೊತ್ತಿದ್ದವರ ಹಾಗೆ.

ಇನ್ನೊಂದು ವಿಷಯವೂ ಇತ್ತು. ಅವಳು ನಿನ್ನೆ ಕೂತು ಬಂದ ಖೋಲಿ ಇಷ್ಟು ಉದ್ದವಿರಲಿಲ್ಲ. ಗೋಡೆಗೆ ಒತ್ತಿ ನಿಲ್ಲಿಸಿದ ಅಲಮಾರಿಯ ಹತ್ತಿರವೇ ಅದು ಮುಗಿದಿತ್ತು. ನಕ್ಷೆಯಲ್ಲಿ ಅದರಾಚೆಗೂ ನೆಲ ಹೋಗಿತ್ತು, ನಡುವೆ ಒಂದು ಕಿರುಬಾಗಿಲು ಬೇರೆ. ಕೂತು ನೋಡಿದ್ದಕ್ಕೂ ಅಳೆದದ್ದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಹೊತ್ತು ಇರಲಿಲ್ಲ.

"ಇದನ್ನ ಹಿಂಗೇ ಸರಿ ಮಾಡಿ ನನಗ ಕಳಸ್ರಿ."

ಜಬೀನಾ ಕಳಿಸಿದಳು. ಸುಮಂಗಲಾ ನಕ್ಷೆಯನ್ನು ಫೋನಿನಿಂದ ಭಗವಂತರಾಯರಿಗೆ ದಾಟಿಸಿದಳು. ಚಹಾ ತರಿಸಿ ಕುಡಿದು ಮುಗಿಸುವಷ್ಟರಲ್ಲಿ ಉತ್ತರ ಬಂತು: 'ಶಹಬ್ಬಾಸ್. ಮತೀನನಿಗೂ ಒಂದು ಪ್ರತಿ ಕಳಿಸಿದ್ದೇನೆ. ನಾಳೆ ಗೊತ್ತಿರಲಿಲ್ಲ ಅನ್ನಬಾರದಲ್ಲ.'

"ಮೇಡಂ," ಎಂದಳು ಜಬೀನಾ. ದನಿ ಗಟ್ಟಿಯಾಗಿತ್ತು. "ಆ ನಕ್ಷಾದ ಹಾಳಿ ಮ್ಯಾಲ ನನ್ನ ಹೆಸರದ. ನನ್ನ ಸಹಿ ಅದ. ಯಾರು ಮಾಡಿದ್ದಂತ ನಂಗ ಇವತ್ತೇ ಗೊತ್ತಾಗ್ಬೇಕು. ಎಲ್ಲಾರೂ ಒಂದೇ ಪಾಸ್‌ವರ್ಡಿನಾಗ ಕೆಲಸ ಮಾಡ್ತೀವಿ, ಮಷೀನು ಹೇಳಂಗಿಲ್ಲ. ನಾ ಮತೀನಭಾಯಿಗಿ ದೂರದ ಸಂಬಂಧ ಆಗ್ಬೇಕು. ನೀವು ಬಂದಾಗಿಂದ ನನ್ನ ಕೈಯೇ ನೋಡಾಕತ್ತೀರಿ, ಅದೂ ನಂಗ ಗೊತ್ತದ."

ಸುಮಂಗಲಾ ತಲೆ ತಗ್ಗಿಸಿದಳು. ಆಮೇಲೆ ಪರದೆಯ ಕಡೆ ಬೆರಳು ಮಾಡಿದಳು.

"ವ್ಯೂಗಳ ಹೆಸರಿನ ಕೊನಿಗಿ ಒಂದು ಸಣ್ಣ ಚುಕ್ಕಿ ಅದ. ನೀವು ಹಾಕಿದ್ದೇನು?"

ಜಬೀನಾ ಬಾಗಿ ನೋಡಿದಳು. "ಇಲ್ಲ. ಏನಿದು, ಬೂಂದಿ ಉದುರಿಸಿದಂಗ? ಫರ್ಶಿ ವ್ಯೂಗ ಇಲ್ಲ. ಉಳದದ್ದಕ್ಕ ಎಲ್ಲಾ ಅದ."

"ಹಂಗಾರ ಕಪಿಲ ಬರೂತನಕ ಕುಂದ್ರೂಣು," ಎಂದಳು ಸುಮಂಗಲಾ. ಅವಳ ದನಿಯಲ್ಲಿ ಗೆದ್ದವರ ಹುರುಪು ಇರಲಿಲ್ಲ.

ಕಪಿಲ ಸುಲೇಪೇಟದ ಕಟ್ಟಡದ ಕೆಲಸ ನೋಡಿಕೊಂಡು ಬಂದ. ಪಾಲಿಟೆಕ್ನಿಕ್ಕಿನಲ್ಲಿ ಸುಮಂಗಲಾಳ ಹತ್ತಿರ ಕಲಿತ ಮುಧೋಳದ ಹುಡುಗ; ಈಗ ಮೀಸೆ ದಪ್ಪವಾಗಿತ್ತು, ಮದುವೆಯಾಗಿತ್ತು. ಮೈಮೇಲೆಲ್ಲ ಸಿಮೆಂಟಿನ ಧೂಳು. ಒಳಗೆ ಕಾಲಿಟ್ಟವನು ಸುಮಂಗಲಾಳನ್ನು ಕಂಡು ಹಿಗ್ಗಿ, ಬಾಗಿ ಕಾಲು ಮುಟ್ಟಲು ಬಂದ.

"ಮೇಡಂ! ನೀವು ಇಲ್ಲಿ? ಹೇಳಿದ್ರ ನಾನೇ ಬರ್ತಿದ್ನಲ್ರೀ."

"ಕುಂದ್ರು ತಮ್ಮಾ."

ಅವನು ಕೂರುವ ಮೊದಲೇ ಪರದೆ ಕಣ್ಣಿಗೆ ಬಿತ್ತು. ಹಿತ್ತಲ ಖೋಲಿ ಗೋಡೆ-ಛಾವಣಿಗಳ ಸಮೇತ ನಿಂತಿತ್ತು. ಅವನ ನಗು ಮುಖದ ಮೇಲೆ ಹಾಗೇ ಉಳಿಯಿತು, ಕಣ್ಣು ಮಾತ್ರ ಬದಲಾಯಿತು.

"ತಗಡಿನ ಶೆಡ್ ಭಾಳ ಚಂದ ಬರದಿ," ಎಂದಳು ಜಬೀನಾ. "ಜಾಲಿ ಕಿಡಕಿ ಬ್ಯಾರೇ!"

"ಅದು... ಹಳೀ ಫೈಲ್ ಇರ್ಬೇಕ್ರಿ. ಯಾರು ಮಾಡ್ಯಾರೋ."

"ಕಪಿಲ," ಎಂದಳು ಸುಮಂಗಲಾ. "ಕಾಲೇಜಿನಾಗ ನೀವೆಲ್ಲಾ ನನಗ ಏನಂತ ಹೆಸರಿಟ್ಟಿದ್ರಿ?"

ಅವನು ಅಂಗಿಯ ಮೇಲಿನ ಸಿಮೆಂಟಿನ ಧೂಳು ಕೊಡವಿಕೊಂಡ.

"ಹೇಳೋ. ನಂಗ ಆಗೇ ಗೊತ್ತಿತ್ತು, ಬೈಯಂಗಿಲ್ಲ."

"ಚುಕ್ಕಿ ಮೇಡಂ ಅಂತಿದ್ವಿ," ಎಂದ ತಗ್ಗಿದ ದನಿಯಲ್ಲಿ.

"ಯಾಕ?"

ಕಪಿಲನ ಕಣ್ಣು ಪರದೆಯ ಎಡಗಡೆಯ ಪಟ್ಟಿಗೆ ಹೋಯಿತು. ಸಾಲು ಸಾಲು ಚುಕ್ಕಿಗಳು. ಅವನೇ ಹಾಕಿದ್ದನ್ನು ಅವನೇ ಮೊದಲ ಸಲ ನೋಡಿದವನಂತೆ ನೋಡಿದ.

ನಕ್ಷೆಯಲ್ಲಿ ಏನನ್ನಾದರೂ ಮುಚ್ಚಿದರೆ ಹೆಸರಿನ ಪಕ್ಕ ಒಂದು ಚುಕ್ಕಿ ಇಡಿ. ಮುಂದೆ ನೋಡುವವನಿಗೆ ಇಲ್ಲಿ ಕಾಣದ್ದೂ ಒಂದಿದೆ ಎಂದು ತಿಳಿಯಬೇಕು. ಗೌಂಡಿ ಮೋಸ ಹೋಗಬಾರದು. ವರ್ಷ ವರ್ಷವೂ ಅವಳು ಇದನ್ನೇ ಹೇಳಿ ಹುಡುಗರ ನಗೆಗೆ ಗುರಿಯಾಗಿದ್ದಳು. ಬೇರೆ ಯಾರೂ ಹೀಗೆ ಮಾಡುವುದನ್ನು ಅವಳು ಕಂಡಿರಲಿಲ್ಲ. ಇವನು ಖೋಲಿಯನ್ನು ಕದ್ದು ಮುಚ್ಚುವಾಗಲೂ, ಕೈ ತನ್ನಷ್ಟಕ್ಕೆ ತಾನು ಚುಕ್ಕಿ ಇಟ್ಟಿತ್ತು.

"ರೂಢಿ ಬಿಡಲಿಲ್ಲ ನೋಡ್ರಿ," ಎಂದು ಕಪಿಲ ಕುರ್ಚಿಯಲ್ಲಿ ಕುಸಿದ.

"ಮತೀನ ಹೇಳಿದ್ನೇನು?" ಜಬೀನಾ ಎದ್ದು ನಿಂತಿದ್ದಳು. "ನಾ ನಿನ್ನ ತಮ್ಮ ಅಂದ್ಕೊಂಡಿದ್ನೆಲ್ಲೋ! ಒಬ್ಬ ಮುದುಕೀನ ಬೀದಿಗಿ ಹಾಕಾಕ ನನ್ನ ಸಹೀನೇ ಬೇಕಾತೇನು ನಿಂಗ?"

"ಮತೀನ ಸಾಬ್ರಿಗಿ ಇದೇನೂ ಗೊತ್ತೇ ಇಲ್ರಿ ಅಕ್ಕಾ."

"ಮತ್ತ ಯಾರು?"

ಕಪಿಲ ಸುಮಂಗಲಾಳ ಕಡೆ ತಿರುಗಿದ. "ಬೇಗಂ ಅಮ್ಮನೇ ಹೇಳಿದ್ರು ಮೇಡಂ."

ಸುಮಂಗಲಾಳ ಕೈ ಚಹಾದ ಖಾಲಿ ಕಪ್ಪಿನ ಮೇಲೆ ನಿಂತಿತು.

"ಯಾವ ಬೇಗಂ ಅಮ್ಮ?"

"ಖುರ್ಷಿದಬೇಗಂ. ಅಳತಿ ತಗೊಂಡು ಬಂದ ಮ್ಯಾಲ ಒಂದಿನ ಬಸ್ಸಿಗಿ ಕುಂತು ಇಲ್ಲಿಗೇ ಬಂದ್ರು. ಅಕ್ಕ ಅವತ್ತು ಕಲಬುರಗಿಗಿ ಹೋಗಿದ್ರು. ಆ ಕುರ್ಚಿ ಮ್ಯಾಲೇ ಕುಂತಿದ್ರು, ನೀವು ಕುಂತೀರಲ್ಲ, ಅದೇ. 'ಬೇಟಾ, ನನ್ನ ಖೋಲಿ ಕಾಗದದ ಮ್ಯಾಲ ಬರಬಾರದು' ಅಂದ್ರು. ನಾ ಹೇಳ್ದೆ, ಅಮ್ಮಾ, ಹಂಗ ಮಾಡಿದ್ರ ನಿಮ್ಮ ಹಕ್ಕು ಹೋಗ್ತದ, ಮನಿ ಕೊಂಡೋರು ಹೊರಗ ಹಾಕ್ತಾರ ಅಂತ. 'ಹೋದ್ರ ಹೋಗಲಿ. ನಾ ಎಲ್ಲಿಯಾದ್ರೂ ಬಿದ್ದಿರ್ತೀನಿ. ರಿಜಿಸ್ಟ್ರಿ ಆಗೂತನಕ ಆತಂದ್ರ ಸಾಕು, ಆಮ್ಯಾಲ ಇದ್ದಂಗ ತೋರಸು' ಅಂತ ಕೈ ಮುಗದ್ರು. ನನ್ನ ಕೈಗೆ ಅಳಸೂದು ಆಗಲಿಲ್ಲ. ಮುಚ್ಚಿಟ್ಟೆ."

"ಸುಳ್ಳು," ಎಂದಳು ಜಬೀನಾ. ಆದರೆ ಆ ಮಾತಿಗೆ ಬಲವಿರಲಿಲ್ಲ.

ಸುಮಂಗಲಾ ನಂಬಿದಳು. ನಿನ್ನೆಯ ಆ ನಗು, ಆ 'ಇರಲಿ ಬಿಡು'. ವಯಸ್ಸಾದವರ ಸೋತ ಮಾತು ಎಂದುಕೊಂಡಿದ್ದಳು. ಅದು ಬೇಡಿಕೆಯಾಗಿತ್ತು. ಬೇಡ, ಹುಡುಕಬೇಡ ಎಂದು ಅವರು ಬಾಯಿಬಿಟ್ಟೇ ಹೇಳಿದ್ದರು.

"ತಮ್ಮ ಖೋಲಿ ತಾವೇ ಯಾಕ ಮುಚ್ಚತಾರೋ?" ಎಂದಳು ಸುಮಂಗಲಾ. "ಅವರು ಅಲ್ಲೇ ಇರೂದು ಮತೀನಗ ಗೊತ್ತದಲ್ಲ."

"ಖೋಲಿ ಅದ ಅಂತ ಗೊತ್ತದ್ರಿ. ಎಷ್ಟದ ಅಂತ ಗೊತ್ತಿಲ್ಲ. ಮತೀನ ಸಾಬ್ರು ಹುಟ್ಟಿ ಬೆಳದದ್ದು, ಈಗ ಇರೂದು ವಾಡಿ ಊರಾಗ. ಈ ಮನಿಗಿ ಈದಿಗೊಮ್ಮೆ ಬಂದು ಪಡಸಾಲ್ಯಾಗ ಕುಂತು ಹೋದೋರು. ಅಲಮಾರಿ ಹಿಂದ ಒಂದು ಬಾಗಲಾ ಅದ, ಬಾಗಲದ ಹಿಂದ ಇನ್ನೊಂದು ಸಣ್ಣ ಖೋಲಿ ಅದ. ಬೇಗಂ ಅಮ್ಮಗ ಬಿಟ್ರ ನಂಗಷ್ಟೇ ಗೊತ್ತು."

ಹಾಗಾದರೆ ನೆಲ ಉದ್ದವಿದ್ದದ್ದು ಕಣ್ಣಿನ ತಪ್ಪಲ್ಲ.

"ನೀ ಒಳಗ ಹೋಗಿ ಅಳದೇನು?"

"ಬಿಡಲಿಲ್ರಿ. ಬೇಗಂ ಅಮ್ಮ ಅಲಮಾರಿ ಮುಂದೇ ನಿಂತಿದ್ರು. ಅಲಮಾರಿ ಕಾಲಿನ ನಡುವಿಂದ, ಕದದ ಕೆಳಗ ಒಂದು ಸಂದಿ ಕಾಣ್ತಿತ್ತು. ಆಚಿ ಗ್ವಾಡಿಗಿ ಎಷ್ಟಾಗ್ತದ ನೋಡೂಣಂತ ನಾ ಟೇಪು ಆ ಸಂದ್ಯಾಗಿಂದ ಒಳಗ ಸರಿಸಿದೆ." ಕಪಿಲ ತುಟಿ ಒರೆಸಿಕೊಂಡ. "ಟೇಪು ಡೊಂಕಾಗಿ ವಾಪಸ್ ಬರ್ತದಂತ ಅಂದ್ಕೊಂಡಿದ್ದೆ. ಬರಲಿಲ್ಲ. ಆ ತುದಿ ಒಳಗಿಂದ ಯಾರೋ ಹಿಡದ್ರು. ನೆಟ್ಟಗ ಒಯ್ದು ಗ್ವಾಡಿಗಿ ಒತ್ತಿ ಹಿಡದ್ರು, ನಾ ಓದಿಕೊಳ್ಳೂತನಕ."

ಜಬೀನಾ ಪರದೆಯ ಮೇಲಿನ ಕಿರುಬಾಗಿಲಿನ ಕಡೆ ತಿರುಗಿ ನೋಡಿದಳು.

"ನಾ ಬೇಗಂ ಅಮ್ಮನ ಮುಖ ನೋಡ್ದೆ. ಅವರು ನನ್ನ ಮುಖ ನೋಡಿದ್ರು. ಅದಕ್ಕೇ ಮೇಡಂ, ಈ ನಕ್ಷಾ ಮುಚ್ಚೇ ಇರಲಿ. ನಾಳಿಗಿ ಒಂದು ದಿನ. ಒಳಗ ಇದ್ದೋರನ್ನ ಮತೀನ ಸಾಬ್ರ ಕಣ್ಣಿಗಿ ಬೀಳದಂಗ ಇಟ್ಟಾರಂತ ಕಾಣ್ತದ; ರಿಜಿಸ್ಟ್ರಿ ಆದ್ರ ಅವರು ಈ ಮನ್ಯಾಗ ಕಾಲಿಡೂ ಹಂಗಿಲ್ಲ. ಯಾರಿಗೂ ಕಳಸಬ್ಯಾಡ್ರಿ."

ಸುಮಂಗಲಾ ಫೋನ್ ತೆಗೆದಳು. ಭಗವಂತರಾಯರಿಂದ ಇನ್ನೊಂದು ಸಂದೇಶ ಬಂದು ಕೂತಿತ್ತು. ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಜಬೀನಾಳ ಕೈಗೆ ಕೊಟ್ಟಳು.

ಜಬೀನಾ ಗಟ್ಟಿಯಾಗಿ ಓದಿದಳು: "'ಮತೀನ ನಕ್ಷೆ ನೋಡಿದ. ಅಲಮಾರಿ ಹಿಂದಿನ ಖೋಲಿ ಯಾವುದು ಅಂತ ಕೇಳಿದ. ತಾನೇ ನೋಡುತ್ತೇನೆ ಎಂದು ಚಿತ್ತಾಪುರಕ್ಕೆ ಹೊರಟಿದ್ದಾನೆ.'"

ವಾಡಿಯಿಂದ ಚಿತ್ತಾಪುರ ಹತ್ತಿರ. ಸೇಡಂನಿಂದ ದೂರ. ಸಂದೇಶ ಬಂದು ಆಗಲೇ ಎಷ್ಟೋ ಹೊತ್ತಾಗಿತ್ತು. ಅವರು ಇಲ್ಲಿ ಚುಕ್ಕಿಗಳ ಲೆಕ್ಕ ಕೇಳುತ್ತ ಕೂತಿದ್ದರು.

ಸುಮಂಗಲಾ ಬೇಗಂ ಅವರಿಗೆ ಫೋನ್ ಹಚ್ಚಿದಳು. ರಿಂಗಾಯಿತು. ರಿಂಗಾಗುತ್ತಲೇ ಇತ್ತು. ಇನ್ನೇನು ನಿಂತುಹೋಗುತ್ತದೆ ಎನ್ನುವಾಗ ಯಾರೋ ಎತ್ತಿದರು.

"ಬೇಗಂ ಸಾಬ್, ನಾ ಸುಮಂಗಲಾ. ಈಗಿಂದೀಗ ನೀವು—"

"ಬೇಗಂ ಖಾಲಾ ಮನ್ಯಾಗಿಲ್ರಿ," ಎಂದಿತು ಆ ಕಡೆಯ ದನಿ. ಹೆಣ್ಣುದನಿ, ಎಳೆಯದು, ಪಿಸುಮಾತಿಗಿಂತ ಒಂದಿಷ್ಟೇ ಮೇಲೆ. ಒಳಖೋಲಿಯಲ್ಲಿ ಟೇಪು ಹಿಡಿದವಳೇ ಇರಬೇಕು. "ಬಜಾರಕ್ಕ ಹೋಗ್ಯಾರ. ಫೋನ್ ಇಲ್ಲೇ ಬಿಟ್ಟಾರ. ಹೊರಗ ಯಾರೋ ಬಾಗಲಾ ಬಡೀಲಿಕತ್ತಾರ್ರಿ. ಭಾಳ ಹೊತ್ತಾತು."

ಆ ದನಿಯ ಹಿಂದೆ, ಎಲ್ಲೋ ಆಚೆ, ಮರದ ಕದದ ಮೇಲೆ ಬೀಳುವ ಹೊಡೆತ ಸುಮಂಗಲಾಳಿಗೂ ಕೇಳಿಸಿತು.

"ನಿಮ್ಮ ಹೆಸರು ಖಾಲಾ ಹೇಳ್ಯಾರ," ಎಂದಳು ಅವಳು. "ನೀವೇ ಹೇಳ್ರಿ. ತೆಗೀಲೇನು?"